ದೀಪ ಹಚ್ಚುವ ಎರಡು ಮನೆಗಳು

ಹೈಸ್ಕೂಲಿನ ಚರಿತ್ರೆ ಪಾಠದಲ್ಲಿ ಯೆಹೂದಿಗಳಿಗೂ ಪಾರ್ಸಿಗಳಿಗೂ ಸಿಗುವುದು ಬಿಟ್ಟ ಸ್ಥಳ ತುಂಬುವಷ್ಟೇ ಜಾಗ. ಇವರಿಗೆ ಯೆಹೋವ, ಅವರಿಗೆ ಅಹುರ ಮಜ್ದ. ಇವರಿಗೆ ತೋರಾ, ಅವರಿಗೆ ಅವೆಸ್ತಾ. ಇವರಿಗೆ ಮೋಶೆ, ಅವರಿಗೆ ಜರತುಷ್ಟ್ರ. ಅಂಕ ಬರಲು ಅಷ್ಟು ಸಾಕು. ಆದರೆ ಈ ಎರಡು ಮತಗಳು ಒಂದು ಕಾಲಕ್ಕೆ ಅಕ್ಕಪಕ್ಕದ ಮನೆಯವರಂತೆ ಬದುಕಿದವು ಎಂಬುದು ನನಗೆ ಯಾವಾಗಲೂ ಕುತೂಹಲದ ಸಂಗತಿ.

ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನ ದೊರೆ ನೆಬುಕಡ್ನೆಜರ್ ಜೆರುಸಲೇಮಿನ ದೇವಾಲಯವನ್ನು ಕೆಡವಿಸಿ ಯೆಹೂದಿಗಳನ್ನು ಸೆರೆಯೊಯ್ದ. ಕ್ರಿ.ಪೂ. 539ರಲ್ಲಿ ಪರ್ಷಿಯದ ಸೈರಸ್ ಬ್ಯಾಬಿಲೋನನ್ನು ಗೆದ್ದು, ಅವರು ಊರಿಗೆ ಮರಳಲು ಅಪ್ಪಣೆ ಕೊಟ್ಟ. ಯೆಶಾಯನ ಗ್ರಂಥದಲ್ಲಿ ಈ ಪರದೇಶಿ ದೊರೆಗೆ ದೇವರ ಅಭಿಷಿಕ್ತನೆಂಬ ಹೆಸರೇ ಸಿಕ್ಕಿತು. ಮುಂದೆ ಇನ್ನೂರು ವರ್ಷ ಯೆಹೂದಿಗಳು ಪರ್ಷಿಯದ ಆಳ್ವಿಕೆಯಲ್ಲಿದ್ದರು.

ಸತ್ತವರು ಒಳ್ಳೆಯವರಿರಲಿ ಕೆಟ್ಟವರಿರಲಿ, ಎಲ್ಲರೂ ಷಿಯೋಲ್ ಎಂಬ ಕತ್ತಲಿನ ಪಾತಾಳಕ್ಕೆ ಇಳಿಯುತ್ತಾರೆ ಎಂಬುದು ಯೆಹೂದಿಗಳ ಹಳೆಯ ಭಾವನೆ. ಜರತುಷ್ಟ್ರನ ಮತದಲ್ಲಿ ಹಾಗಲ್ಲ. ಆತ್ಮವು ಚಿನ್ವತ್ ಎಂಬ ಸೇತುವೆ ದಾಟಬೇಕು. ಪುಣ್ಯವಂತರಿಗೆ ಅದು ಅಗಲವಾಗುತ್ತದೆ, ಪಾಪಿಗಳಿಗೆ ಕಿರಿದಾಗುತ್ತದೆ. ಕೊನೆಗೊಂದು ದಿನ ಸತ್ತವರೆಲ್ಲ ಎದ್ದು ಲೋಕ ಶುದ್ಧವಾಗುತ್ತದೆ. ಯೆಹೂದಿ ಗ್ರಂಥಗಳಲ್ಲಿ ಪುನರುತ್ಥಾನ, ಅಂತಿಮ ತೀರ್ಪುಗಳ ಮಾತು ಸ್ಪಷ್ಟವಾಗಿ ಬರುವುದು ಕ್ರಿ.ಪೂ. 2ನೇ ಶತಮಾನದ ದಾನಿಯೇಲನ ಗ್ರಂಥದಲ್ಲಿ. ಇದು ಪರ್ಷಿಯದ ಪ್ರಭಾವವೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಪಾರಸಿಕರ ಗ್ರಂಥಗಳು ಬರಹಕ್ಕೆ ಇಳಿದದ್ದೇ ಬಹಳ ತಡವಾಗಿ ಎಂದು ಮತ್ತೆ ಕೆಲವರು ಒಪ್ಪುವುದಿಲ್ಲ. ಇನ್ನೂರು ವರ್ಷ ನೆರೆಹೊರೆಯಲ್ಲಿದ್ದ ಮೇಲೆ ಹೆಪ್ಪು ಯಾರ ಮನೆಯದೆಂದು ಹೇಳುವುದು ಕಷ್ಟವೇ.

ಒಮ್ಮೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು, "ದೇವರು ಒಳ್ಳೆಯವನು ಅಂತ ಇಬ್ಬರೂ ಹೇಳ್ತಾರಲ್ಲ ಟೀಚರ್, ಹಾಗಾದ್ರೆ ಕೆಟ್ಟದ್ದನ್ನ ಮಾಡಿದ್ದು ಯಾರು?" ಎಂದಳು. ಎರಡು ಮತಗಳು ಬೇರೆಯಾಗುವುದು ಇಲ್ಲಿಯೇ. ಕೆಟ್ಟದ್ದು ದೇವರದಲ್ಲ, ಅವನಿಗೆ ಎದುರಾಗಿ ನಿಂತ ಅಹ್ರಿಮನ್‌ನದು ಎನ್ನುತ್ತದೆ ಜರತುಷ್ಟ್ರನ ಮತ. ಒಳ್ಳೆಯ ಯೋಚನೆ, ಒಳ್ಳೆಯ ಮಾತು, ಒಳ್ಳೆಯ ಕೆಲಸಗಳಿಂದ ಮನುಷ್ಯರು ದೇವರ ಪಕ್ಷದಲ್ಲಿ ಹೋರಾಡಬೇಕು. ಯೆಹೂದಿಗಳಿಗೆ ಇಂಥ ಎರಡನೆಯ ಶಕ್ತಿ ಒಪ್ಪಿಗೆಯಿಲ್ಲ; ಬೆಳಕೂ ಕತ್ತಲೂ ಒಬ್ಬನ ಅಧೀನ. ಯೋಬನ ಕಥೆಯಲ್ಲಿ ಸೈತಾನ ಕೂಡ ದೇವರ ಸಭೆಗೆ ಬಂದು ಅಪ್ಪಣೆ ಪಡೆದೇ ಯೋಬನನ್ನು ಕಾಡುತ್ತಾನೆ.

ಇದು ಪಂಡಿತರ ಜಗಳ ಮಾತ್ರವೆ? ಮಗುವನ್ನು ಕಳೆದುಕೊಂಡ ತಾಯಿಯನ್ನು ನೆನೆದುಕೊಳ್ಳಿ. ಪಾರ್ಸಿ ತಾಯಿ ದೇವರನ್ನು ದೂರಬೇಕಿಲ್ಲ. ಅವನು ಅದನ್ನು ಮಾಡಲಿಲ್ಲ. ಯೆಹೂದಿ ತಾಯಿಗೆ ಆ ಸಮಾಧಾನವಿಲ್ಲ. ಆದರೆ ಯೋಬನಂತೆ ದೇವರೊಡನೆಯೇ ಜಗಳವಾಡುವ ಹಕ್ಕಿದೆ. ಹಣೆಬರಹವೆಂದು ಸುಮ್ಮನಾಗುವ ನಮಗೆ ಎರಡೂ ಹೊಸವೇ.

ಆಚಾರಗಳೂ ಈ ನಂಬಿಕೆಯಿಂದಲೇ ಹುಟ್ಟಿದವು. ಸಾವು ಅಹ್ರಿಮನ್‌ನ ಕೆಲಸವಾದ್ದರಿಂದ ಶವದಿಂದ ಮಣ್ಣು, ನೀರು, ಬೆಂಕಿ ಮೈಲಿಗೆಯಾಗಬಾರದೆಂದು ಪಾರ್ಸಿಗಳು ಅದನ್ನು ದಖ್ಮಾದಲ್ಲಿಟ್ಟರು. ಯೆಹೂದಿಗಳು ಮಣ್ಣಿನಿಂದ ಬಂದದ್ದು ಮಣ್ಣಿಗೆಂದು ಬೇಗನೆ ಹೂಳುತ್ತಾರೆ. ಯೋಮ್ ಕಿಪ್ಪುರ್ ದಿನ ಯೆಹೂದಿಗಳದು ನಿರ್ಜಲ ಉಪವಾಸ. ಪಾರ್ಸಿಗಳಿಗೆ ಉಪವಾಸದಲ್ಲಿ ಪುಣ್ಯವಿಲ್ಲ. ಗುಜರಾತಿನ ಉದ್ವಾಡದಲ್ಲಿ ಪಾರ್ಸಿಗಳ ಪವಿತ್ರ ಅಗ್ನಿ ಹಗಲೂ ರಾತ್ರಿ ಉರಿಯುತ್ತದೆ. ಯೆಹೂದಿಗಳು ಸಬ್ಬತ್ ದಿನ ಬೆಂಕಿಯನ್ನೇ ಹಚ್ಚಬಾರದು. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಮನೆಯೊಡತಿ ದೀಪ ಹಚ್ಚಿಡುತ್ತಾಳೆ. ಕೊಂಕಣ ತೀರದಲ್ಲಿ ಎಣ್ಣೆಗಾಣ ನಡೆಸುತ್ತಿದ್ದ ಬೆನೆ ಇಸ್ರೇಲಿಗಳು ಶನಿವಾರ ಗಾಣ ಹೂಡದೆ 'ಶನಿವಾರ ತೇಲಿ' ಎಂದೇ ಹೆಸರಾದರು.

ಇನ್ನು ಹೆಣ್ಣಿನ ವಿಷಯ. ಯೆಹೂದಿಗಳ ಸಂಪ್ರದಾಯದಲ್ಲಿ ಮಗು ಯೆಹೂದಿಯಾಗುವುದು ತಾಯಿಯಿಂದ, ಪಾರ್ಸಿಗಳಲ್ಲಿ ತಂದೆಯಿಂದ. ಪಾರ್ಸಿ ತಂದೆಗೆ ಹೊರಗಿನ ಹೆಂಡತಿಯಲ್ಲಿ ಹುಟ್ಟಿದ ಮಕ್ಕಳು ದೀಕ್ಷೆ ಪಡೆದರೆ ಪಾರ್ಸಿಗಳೇ ಎಂದು ಮುಂಬಯಿ ಹೈಕೋರ್ಟು 1908ರಲ್ಲಿ ಹೇಳಿತು. ಮಗಳು ಹೊರಗೆ ಮದುವೆಯಾದರೆ? ಅಂಥ ಒಬ್ಬ ಮಹಿಳೆ ತಂದೆತಾಯಿಯ ಅಂತ್ಯಕ್ರಿಯೆಯಲ್ಲಿ ಭಾಗವಹಿಸುವ ಹಕ್ಕಿಗಾಗಿ ಕೋರ್ಟಿಗೆ ಹೋದರು. ಮದುವೆಯಿಂದ ಅವರು ಗಂಡನ ಧರ್ಮಕ್ಕೆ ಸೇರಿದಂತೆ ಎಂದು 2012ರಲ್ಲಿ ಗುಜರಾತ್ ಹೈಕೋರ್ಟು ತೀರ್ಪಿತ್ತಿತು. ಅವರು ಸುಪ್ರೀಂ ಕೋರ್ಟಿಗೆ ಹೋದಾಗ, 2017ರ ಡಿಸೆಂಬರಿನಲ್ಲಿ ವಲ್ಸಾಡಿನ ಪಾರ್ಸಿ ಟ್ರಸ್ಟು ಅವರಿಗೆ ಅವಕಾಶ ಕೊಡಲು ಒಪ್ಪಿತು. ಯೆಹೂದಿಗಳಲ್ಲೂ ಎಲ್ಲ ನೆಟ್ಟಗಿಲ್ಲ. ಸಂಪ್ರದಾಯಸ್ಥರಲ್ಲಿ ಗಂಡ ವಿಚ್ಛೇದನ ಪತ್ರ ಕೊಡದೆ ಹೆಂಡತಿಗೆ ಬಿಡುಗಡೆಯಿಲ್ಲ.

ಭಾರತದ ಪಾರ್ಸಿಗಳು 2001ರ ಜನಗಣತಿಯಲ್ಲಿ 69,601 ಇದ್ದವರು 2011ಕ್ಕೆ 57,264ಕ್ಕೆ ಇಳಿದರು. ಕುಲ ಉಳಿಯಲೆಂದೇ ಕಟ್ಟುಪಾಡು ಎಂದು ಹಿರಿಯರು ಹೇಳುವುದರಲ್ಲಿ ಭಯವಿದೆ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ನವಜೋತ್ ಸಂಸ್ಕಾರದಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲ. ಹುಡುಗಿಗೂ ಹುಡುಗನಷ್ಟೇ ಗೌರವದಿಂದ ಸೊಂಟಕ್ಕೆ ಪವಿತ್ರ ದಾರ ಕಟ್ಟುತ್ತಾರೆ, ಕೆಟ್ಟದ್ದರ ಎದುರು ನಿಲ್ಲುವ ಹೊಣೆ ಒಪ್ಪಿಸುತ್ತಾರೆ. ಹಾಗೆ ಒಪ್ಪಿಸಿದ ಹೊಣೆಯನ್ನು ಅವಳು ಮದುವೆಯಾದ ದಿನ ಹಿಂದಕ್ಕೆ ಪಡೆಯುವುದು ಯಾವ ನ್ಯಾಯ?