ಮಂಗನ ಕಾಯಿಲೆ: ವೈರಾಣುವಿನ ತಳಿಗಳು

ಮಂಗನ ಕಾಯಿಲೆಯ ವೈರಾಣುವನ್ನು ಪುಣೆಯ ವೈರಾಣು ಸಂಶೋಧನಾ ಕೇಂದ್ರವು 1957ರಲ್ಲಿ ಪತ್ತೆ ಮಾಡಿತು. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ, ಭಾರತದಲ್ಲಿ ಎಂದೂ ಕಾಣದ ಹಳದಿ ಜ್ವರ ಬಂತೆಂಬ ಆತಂಕ ಮೂಡಿತ್ತು. ಪರೀಕ್ಷೆಯಲ್ಲಿ ಕಂಡದ್ದು ಬೇರೆ. ಇದು ಸೊಳ್ಳೆಯಿಂದಲ್ಲ, ಉಣುಗಿನಿಂದ ಹರಡುವ, ರಷ್ಯಾದ ಮಿದುಳು ಜ್ವರದ ವೈರಾಣುವಿಗೆ ಹತ್ತಿರದ ನಂಟಿನದು. ಸೋಂಕಿತರಲ್ಲಿ ಶೇ 3ರಿಂದ 5ರಷ್ಟು ಮಂದಿ ಸಾಯುತ್ತಾರೆ.

ವರ್ಗೀಕರಣದ ತೊಡಕು ಆರಂಭವಾದದ್ದು 1990ರ ದಶಕದಲ್ಲಿ. ಸೌದಿ ಅರೇಬಿಯದ ಜೆಡ್ಡಾದಲ್ಲಿ ರಕ್ತಸ್ರಾವ ಜ್ವರದ ರೋಗಿಗಳಲ್ಲಿ ಸಿಕ್ಕ ಅಲ್ಖುರ್ಮಾ ವೈರಾಣು ಕ್ಯಾಸನೂರಿನದರ ಉಪಪ್ರಭೇದವೆಂದು ತಿಳಿದುಬಂತು. ಎರಡರ ತಳಿಸಂಕೇತದಲ್ಲಿರುವ ವ್ಯತ್ಯಾಸ ಸುಮಾರು ಶೇ 8 ಮಾತ್ರ. ಅವು ಕವಲೊಡೆದು ಸುಮಾರು 700 ವರ್ಷಗಳಾಗಿರಬಹುದೆಂದು 2011ರ ಅಧ್ಯಯನವೊಂದು ಅಂದಾಜಿಸಿದೆ. ಮಲೆನಾಡಿನ ಕಾಡಿಗೂ ಅರಬರ ಮರಳುನಾಡಿಗೂ ಕೊಂಡಿ ಯಾವುದು? ವಲಸೆ ಹಕ್ಕಿ, ಜಾನುವಾರು ಸಾಗಣೆ ಎಂಬ ಊಹೆಗಳಷ್ಟೇ ಇವೆ.

ಚೀನಾದ ಯುನ್ನಾನ್‌ನಲ್ಲಿ 1989ರಲ್ಲಿ ರೋಗಿಯೊಬ್ಬರಿಂದ ಪಡೆದದ್ದೆಂಬ ನಾನ್‌ಜಿಯಾನ್‌ಯಿನ್ ತಳಿಯ ಕಥೆ ಇನ್ನೂ ವಿಚಿತ್ರ. ಅದು 1957ರ ಮೂಲ ತಳಿಯ ಪಡಿಯಚ್ಚಿನಂತಿದೆ. ಮೂರು ದಶಕಗಳಲ್ಲಿ ವೈರಾಣು ಬದಲಾಗದೇ ಉಳಿಯುವುದು ಕಷ್ಟ. ಹೀಗಾಗಿ ಪ್ರಯೋಗಾಲಯದಲ್ಲಿ ಮಾದರಿಗಳು ಬೆರೆತಿರಬಹುದೆಂಬ ಶಂಕೆಯೇ ಬಲವಾಗಿದೆ.

ತಳಿಗಳ ಈ ಲೆಕ್ಕಾಚಾರ ಕೇವಲ ಪಂಡಿತರ ಚರ್ಚೆಯಲ್ಲ. 2012ರಿಂದ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲೂ ಸೋಂಕು ಕಾಣಿಸಿಕೊಂಡಿದೆ. ಹಳೆಯ ತಳಿಯಿಂದ ತಯಾರಿಸುತ್ತಿದ್ದ ಲಸಿಕೆಯ ಬಳಕೆ, ಪರಿಣಾಮ ಸಾಲದೆಂಬ ಕಾರಣಕ್ಕೆ 2022ರಲ್ಲಿ ನಿಂತಿತು.