ಕೀಲಿಕೈ ತಿರುಗಿದರೂ ಕಾರು ಹೊರಡದೇಕೆ?

ಗುಬ್ಬಿಯಲ್ಲಿರುವ ಬಂಧುಗಳ ಮನೆಗೆ ಹೋಗಿದ್ದೀರಿ ಎಂದುಕೊಳ್ಳಿ. ಸಂಜೆ ತುಮಕೂರಿಗೆ ಹಿಂದಿರುಗಬೇಕು. ದೂರ ಸುಮಾರು 20 ಕಿಲೋಮೀಟರ್. ಜತೆಯಲ್ಲಿ ಹೊರಟಿರುವ ಅಜ್ಜಿಯನ್ನು ವೈದ್ಯರಿಗೆ ತೋರಿಸಬೇಕಾಗಿದೆ. ಕೀಲಿಕೈ ತಿರುಗಿಸುತ್ತೀರಿ. ದೀಪಗಳು ಹತ್ತುತ್ತವೆ, ಸ್ಟಾರ್ಟರ್ ಗರಗರನೆ ತಿರುಗುತ್ತದೆ, ಎಂಜಿನ್ ಒಂದು ಕ್ಷಣ ಚಾಲೂ ಆದಂತೆ ಮಾಡಿ ನಿಂತುಬಿಡುತ್ತದೆ. ಎರಡನೆಯ ಸಲವೂ ಅಷ್ಟೆ. ಪೆಟ್ರೋಲ್ ಇದೆ, ಬ್ಯಾಟರಿ ಹೊಸದು. ಆದರೆ ಚಾಲಕನ ಮುಂದಿನ ಫಲಕದಲ್ಲಿ ಕೀಲಿಕೈ ಚಿತ್ರವಿರುವ ಪುಟ್ಟ ದೀಪವೊಂದು ಬಿಡದೆ ಮಿನುಗುತ್ತಿದೆ.

ಸುತ್ತ ಸೇರಿದವರು ತಲೆಗೊಂದು ಸಲಹೆ ಕೊಡುತ್ತಾರೆ. 'ತಳ್ಳಿ ನೋಡೋಣ' ಎನ್ನುತ್ತಾರೆ ಒಬ್ಬರು. 'ಬ್ಯಾಟರಿಯ ತಂತಿ ಬಿಚ್ಚಿ ಮತ್ತೆ ಹಾಕಿ' ಎನ್ನುತ್ತಾರೆ ಇನ್ನೊಬ್ಬರು. ಎರಡೂ ಫಲಿಸುವುದಿಲ್ಲ. ಏಕೆಂದರೆ ಎಂಜಿನ್ ಕೆಟ್ಟಿಲ್ಲ. ನೀವೇ ಮಾಲೀಕರು ಎಂಬುದು ಅದಕ್ಕೆ ಖಾತ್ರಿಯಾಗಿಲ್ಲ, ಅಷ್ಟೆ.

ಹೀಗೆ ತಡೆಯುವ ಸಾಧನಕ್ಕೆ 'ಇಮ್ಮೊಬಿಲೈಸರ್' ಎಂದು ಹೆಸರು. ಕದಲದಂತೆ ಮಾಡುವುದು ಎಂದು ಇದರ ಅರ್ಥ. ಇದರ ದೋಷವನ್ನು ಹುಡುಕಲು ಒಂದು ಸುಲಭ ದಾರಿ ಇದೆ. ಅದು ಇದರ ಇತಿಹಾಸ. ಇಂದಿನ ಕಾರಿನಲ್ಲಿ ಹಳೆಯ ಬೀಗಗಳು ಮಾಯವಾಗಿಲ್ಲ. ಈರುಳ್ಳಿಯ ಪದರಗಳಂತೆ ಒಂದರ ಮೇಲೊಂದು ಉಳಿದುಕೊಂಡಿವೆ. ಅವು ಬಂದ ಕ್ರಮದಲ್ಲೇ ಒಂದೊಂದಾಗಿ ಪರೀಕ್ಷಿಸಿದರೆ ದೋಷ ತಾನಾಗಿ ಸಿಕ್ಕಿಬೀಳುತ್ತದೆ.

ಕುದುರೆಯ ಮುದ್ರೆ

ಕಾರಿಗಿಂತ ಮುಂಚಿನ ವಾಹನ ಕುದುರೆ. ಆದ್ದರಿಂದ ಮೊದಲು ಕುಣಿಗಲ್‌ಗೆ ಹೋಗೋಣ. ಅಲ್ಲಿನ ಕುದುರೆ ಫಾರ್ಮ್‌ನ ಇತಿಹಾಸ ಟಿಪ್ಪು ಸುಲ್ತಾನನ ಕಾಲದಷ್ಟು ಹಿಂದಕ್ಕೆ ಹೋಗುತ್ತದೆ. ಮುಂದೆ ಅದು ಓಟದ ಕುದುರೆಗಳಿಗೆ ಹೆಸರಾಯಿತು. ಕುದುರೆಯ ವಿಷಯದಲ್ಲಿ ಹಳೆಯ ಕಾಲದ ರಾಜರಿಗೆ ಒಂದು ಚಿಂತೆ ಇತ್ತು: ಸೈನಿಕ ತೋರಿಸುತ್ತಿರುವುದು ಅದೇ ಕುದುರೆಯೇ, ಇಲ್ಲ ಬದಲಿಗೆ ತಂದ ಬಡಕಲು ಕುದುರೆಯೇ? ದೆಹಲಿಯ ಅಲ್ಲಾವುದ್ದೀನ್ ಖಿಲ್ಜಿ (ಆಳ್ವಿಕೆ 1296–1316) ಸೇನೆಯ ಕುದುರೆಗಳಿಗೆ ಬರೆ ಹಾಕಿ ಮುದ್ರೆಯೊತ್ತುವ 'ದಾಗ್' ಪದ್ಧತಿಯನ್ನು ತಂದದ್ದು ಇದಕ್ಕಾಗಿಯೇ.

ಮುದ್ರೆಗೆ ಒಂದು ಮಿತಿ ಇದೆ. ಅದು ಗುರುತನ್ನು ಹೇಳುತ್ತದೆ, ಕಳ್ಳನನ್ನು ತಡೆಯುವುದಿಲ್ಲ. ಮುದ್ರೆ ಬಿದ್ದ ಕುದುರೆಯ ಮೇಲೂ ಕಳ್ಳ ಹತ್ತಿ ಓಡಿಸಬಹುದು. ಕಾರಿನ ನಂಬರ್ ಪ್ಲೇಟ್ ಕೂಡ ಇಂಥ ಮುದ್ರೆಯೇ. ಗುರುತು ಸಿಗದಿದ್ದರೆ ವಾಹನವೇ ಕದಲಬಾರದು ಎಂಬ ಯೋಚನೆ ಕೈಗೂಡಲು ಕಾರು ಹುಟ್ಟಿ ನೂರು ವರ್ಷ ಕಳೆಯಬೇಕಾಯಿತು.

ಹ್ಯಾಂಡಲ್‌ನಿಂದ ಕೀಲಿಕೈಗೆ

ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೋಟಾರು ಗಾಡಿಗೆ ಕೀಲಿಕೈ ಇರಲಿಲ್ಲ. ಆಗಿನ ಗಾಡಿಗಳನ್ನು ಚಕ್ರ ಅಥವಾ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕಿತ್ತು. ಹ್ಯಾಂಡಲ್ ಹಿಂದಕ್ಕೆ ಎಗರಿದರೆ ಕೈ ಮುರಿಯುವುದೂ ಇತ್ತು. ಈ ಕಷ್ಟವನ್ನು ತಪ್ಪಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವರು ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. 1949ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಕೀಲಿಕೈ ತಿರುಗಿಸಿದರೇ ಸ್ಟಾರ್ಟರ್ ತಿರುಗುವ ಏರ್ಪಾಡು ಬಂತು.

ಆದರೆ ಇದು ಬೀಗದ ವೇಷ ತೊಟ್ಟ ಸ್ವಿಚ್ ಮಾತ್ರ. ಒಳಗಿನ ತಂತಿಗಳನ್ನು ಬಲ್ಲವನಿಗೆ ಕೀಲಿಕೈಯ ಹಂಗೇ ಇರಲಿಲ್ಲ. ಆದ್ದರಿಂದ ಕೀಲಿಕೈ ತೆಗೆದೊಡನೆ ಸ್ಟೀರಿಂಗ್ ಅಲುಗದಂತೆ ಹಿಡಿಯುವ ಉಕ್ಕಿನ ಬೀಗ ಬಂತು. ಎಂಜಿನ್ ಚಾಲೂ ಆದರೂ ಕಾರು ತಿರುಗುವಂತಿಲ್ಲ! ಆದರೂ ಉಕ್ಕನ್ನು ಬಲದಿಂದ ಮುರಿಯಬಹುದಲ್ಲವೇ?

ರೋಧಕ ಹೊತ್ತ ಕೀಲಿಕೈ

ಬಲಕ್ಕೆ ಬಗ್ಗದ ಬೀಗ ಬೇಕಾಗಿತ್ತು. 1986ರ ಷೆವ್ರೊಲೆ ಕಾರ್ವೆಟ್ ಕಾರಿನಲ್ಲಿ ಅಂಥದೊಂದು ಬಂತು. ಕೀಲಿಕೈಯ ಅಲಗಿನಲ್ಲಿ ಸಣ್ಣ ರೋಧಕವೊಂದನ್ನು ಕೂರಿಸಿದ್ದರು. 402 ಓಮ್‌ನಿಂದ 11,800 ಓಮ್‌ವರೆಗೆ ಒಟ್ಟು 15 ಬೆಲೆಗಳು. ಒಂದು ಕಾರಿಗೆ ಅವುಗಳಲ್ಲಿ ಒಂದು. ಕೀಲಿಕೈ ತೂರಿಸಿದೊಡನೆ ಕಾರಿನ ಮಂಡಲ ಈ ರೋಧವನ್ನು ಅಳೆಯುತ್ತಿತ್ತು. ಬೆಲೆ ತಪ್ಪಾದರೆ ಸ್ಟಾರ್ಟರ್ ಮತ್ತು ಇಂಧನ ಎರಡೂ ಬಂದ್. ಕೆಲವು ನಿಮಿಷ ಕಾಯದೆ ಮತ್ತೆ ಪ್ರಯತ್ನಿಸುವಂತಿಲ್ಲ.

ನಿಮ್ಮ ಪ್ರಯೋಗಶಾಲೆಯಲ್ಲಿ ಓಮ್‌ನ ನಿಯಮವನ್ನು ಪರೀಕ್ಷಿಸುವ ಉಪಕರಣಗಳಿಂದಲೇ ಈ ಬೀಗದ ಮಾದರಿಯನ್ನು ಮಾಡಬಹುದು. ಅದರ ದೌರ್ಬಲ್ಯವೂ ಅಲ್ಲೇ ಕಾಣುತ್ತದೆ. ಸ್ಪರ್ಶ ಬಿಂದುವಿನಲ್ಲಿ ಕೊಳೆ ಸೇರಿದರೆ ಅಥವಾ ತಂತಿ ಸವೆದರೆ ಅಳತೆ ತಪ್ಪುತ್ತದೆ. ಆಗ ಮಾಲೀಕನೇ ಕಳ್ಳನಾಗುತ್ತಾನೆ! ಕಳ್ಳನನ್ನು ತಡೆಯಬೇಕು, ಮಾಲೀಕನನ್ನು ತಡೆಯಬಾರದು: ಈ ಎರಡೂ ಗುಣಗಳನ್ನು ಒಟ್ಟಿಗೆ ಸಾಧಿಸುವುದು ಕಷ್ಟ ಎಂಬುದು ಆಗಲೇ ತಿಳಿದುಬಂತು.

ಬ್ಯಾಟರಿಯಿಲ್ಲದೆ ಉತ್ತರಿಸುವ ಚಿಪ್

ಸ್ಪರ್ಶವೇ ಬೇಡ ಎಂಬುದು ಮುಂದಿನ ಹೆಜ್ಜೆ. ಇದರ ಮೂಲತತ್ತ್ವ ನಿಮಗೆ ಗೊತ್ತಿರುವುದೇ. ಸುರುಳಿಯೊಂದರಲ್ಲಿ ವಿದ್ಯುತ್ ಬದಲಾದರೆ ಪಕ್ಕದ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ್ದರು. ಸ್ವಂತ ಬ್ಯಾಟರಿ ಇಲ್ಲದ ಕಾರ್ಡೊಂದು ಈ ಬಗೆಯಲ್ಲಿ ಬಾಗಿಲು ತೆರೆಸುವ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ವಾಲ್ಟನ್ 1973ರಲ್ಲಿ ಪೇಟೆಂಟ್ ಪಡೆದರು. 1990ರ ದಶಕದಲ್ಲಿ ಈ ತಂತ್ರ ಕಾರಿನ ಕೀಲಿಕೈಯೊಳಗೆ ಸೇರಿತು.

ಕೀಲಿಕೈ ತೂರಿಸುವ ರಂಧ್ರದ ಸುತ್ತ ತಾಮ್ರದ ತಂತಿಯ ಒಂದು ಸುರುಳಿ ಇರುತ್ತದೆ. ಅದು ಸಾಮಾನ್ಯವಾಗಿ 125 ಅಥವಾ 134.2 ಕಿಲೋಹರ್ಟ್ಸ್ ಆವೃತ್ತಿಯ ಕಾಂತಕ್ಷೇತ್ರವನ್ನು ಹರಡುತ್ತದೆ. ಕೀಲಿಕೈಯ ಪ್ಲಾಸ್ಟಿಕ್ ತಲೆಯೊಳಗಿನ ಪುಟ್ಟ ಸುರುಳಿಯಲ್ಲಿ ಆಗ ವಿದ್ಯುತ್ ಹುಟ್ಟುತ್ತದೆ. ಚಿಪ್ ಎಚ್ಚರಗೊಂಡು ಉತ್ತರಿಸುತ್ತದೆ. ಉತ್ತರ ಸರಿಯಾದರೆ ಮಾತ್ರ ಎಂಜಿನ್ ನಿಯಂತ್ರಣ ಘಟಕ ಇಂಧನ ಮತ್ತು ಕಿಡಿಯನ್ನು ಬಿಡುತ್ತದೆ. ಇಷ್ಟಕ್ಕೆ ಬೇಕಾದ ಅಂತರ ಕೆಲವೇ ಸೆಂಟಿಮೀಟರ್.

ಸ್ವಾರಸ್ಯ ನೋಡಿ. ಓಟದ ಕುದುರೆಗಳ ಗುರುತಿಗಾಗಿ ಈಗ ಕುತ್ತಿಗೆಯ ಚರ್ಮದಡಿ ಅಕ್ಕಿಕಾಳಿನಂಥ ಚಿಪ್ ಇಡುತ್ತಾರೆ. ಪ್ರಾಣಿಗಳ ಚಿಪ್‌ಗೆ ಅಂತರರಾಷ್ಟ್ರೀಯ ಮಾನಕ ಗೊತ್ತುಪಡಿಸಿರುವ ಆವೃತ್ತಿಯೂ 134.2 ಕಿಲೋಹರ್ಟ್ಸ್! ಬರೆಯ ಮುದ್ರೆಯ ಜಾಗಕ್ಕೆ ಬಂದ ಚಿಪ್ ಮತ್ತು ಕಾರಿನ ಕೀಲಿಕೈಯ ಚಿಪ್ ಒಂದೇ ಮನೆತನದವು. ಆದರೆ ಕುದುರೆಯ ಚಿಪ್ ತನ್ನ ಸಂಖ್ಯೆಯನ್ನು ಹೇಳಿ ಸುಮ್ಮನಾಗುತ್ತದೆ. ಕಾರಿನ ಚಿಪ್ ಇನ್ನಷ್ಟು ಜಾಣ.

ತರಗತಿಯಲ್ಲೊಂದು ಆಟ

ಚಿಪ್ ಪ್ರತಿಸಲವೂ ಅದೇ ಸಂಖ್ಯೆಯನ್ನು ಹೇಳಿದರೆ ಕದ್ದು ಕೇಳಿದವನು ಅದನ್ನೇ ಒಪ್ಪಿಸಬಹುದು. ಆದ್ದರಿಂದ ಕಾರು ಪ್ರತಿಸಲ ಹೊಸ ಪ್ರಶ್ನೆ ಕೇಳುತ್ತದೆ. ಇದನ್ನು ತರಗತಿಯಲ್ಲಿ ಆಡಿ ತೋರಿಸಬಹುದು. ಇಬ್ಬರು ವಿದ್ಯಾರ್ಥಿಗಳಿಗೆ ಮಾತ್ರ 17 ಎಂಬ ಗುಟ್ಟು ತಿಳಿದಿರಲಿ. ಮೊದಲನೆಯವರು ಕಾರು, ಎರಡನೆಯವರು ಕೀಲಿಕೈ. ಕಾರು '43' ಎನ್ನುತ್ತದೆ. ಕೀಲಿಕೈ 43ನ್ನು 17ರಿಂದ ಗುಣಿಸಿ (731), ಕೊನೆಯ ಎರಡು ಅಂಕಿಗಳನ್ನು ಮಾತ್ರ, ಎಂದರೆ '31' ಎಂದು ಹೇಳುತ್ತದೆ. ಮುಂದಿನ ಸಲ ಪ್ರಶ್ನೆಯೂ ಬೇರೆ, ಉತ್ತರವೂ ಬೇರೆ. ಗುಟ್ಟನ್ನು ಯಾರೂ ಬಾಯಿಬಿಟ್ಟು ಹೇಳಲೇ ಇಲ್ಲ.

ಆದರೆ ಲೆಕ್ಕದ ನಿಯಮ ತಿಳಿದ ಮೂರನೆಯ ವಿದ್ಯಾರ್ಥಿ 1ರಿಂದ 99ರವರೆಗೆ ಎಲ್ಲವನ್ನೂ ಗುಣಿಸಿ ನೋಡಿ 17ನ್ನು ಪತ್ತೆ ಮಾಡಬಲ್ಲ. ನಿಜಜೀವನದಲ್ಲೂ ಹೀಗೇ ಆಯಿತು. ಬಹುಬಳಕೆಯ ಒಂದು ಚಿಪ್‌ನ ಗುಟ್ಟು 40 ಬಿಟ್‌ಗಳದ್ದಾಗಿತ್ತು, ಎಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. 2005ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಪ್ರಯೋಗಾಲಯದ ಸಂಶೋಧಕರು ಅದರ ನಿಯಮವನ್ನು ಊಹಿಸಿ, ಗುಟ್ಟನ್ನು ಕೆಲವೇ ಗಂಟೆಗಳಲ್ಲಿ ಹುಡುಕಬಹುದೆಂದು ತೋರಿಸಿದರು. ನಿಯಮವನ್ನು ಮುಚ್ಚಿಟ್ಟರೆ ಸಾಲದು, ಗುಟ್ಟೇ ದೊಡ್ಡದಾಗಿರಬೇಕು ಎಂಬುದು ಅದರ ಪಾಠ.

ಹಾಗಾದರೆ ಈ ಸಾಧನ ವ್ಯರ್ಥವೇ? ಅಲ್ಲ. ಯುರೋಪಿನ ಒಕ್ಕೂಟ 1998ರಲ್ಲಿ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿತು. ಯಾನ್ ವಾನ್ ಔರ್ಸ್ ಮತ್ತು ಬೆನ್ ವೊಲ್ಲಾರ್ಡ್ ಎಂಬ ಅರ್ಥಶಾಸ್ತ್ರಜ್ಞರು ನೆದರ್ಲೆಂಡ್ಸಿನ 1995ರಿಂದ 2008ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿ, ಇದರಿಂದ ಕಾರು ಕಳ್ಳತನ ಸರಾಸರಿ ಶೇ. 40ರಷ್ಟು ತಗ್ಗಿತೆಂದು ಕಂಡುಕೊಂಡರು. ನಮ್ಮಲ್ಲಿಯೂ 2000ರ ದಶಕದಲ್ಲಿ ಇದು ಸಾಮಾನ್ಯ ಕಾರುಗಳಿಗೆ ಇಳಿಯಿತು. ಮಾರುತಿ ಕಾರುಗಳಲ್ಲಿ ಅದಕ್ಕೆ 'ಐಕ್ಯಾಟ್ಸ್' ಎಂಬ ಹೆಸರಿತ್ತು.

ಗುಬ್ಬಿಯ ರಸ್ತೆಗೆ ಮರಳೋಣ

ಇಂಥ ಬದಲಾವಣೆ ತುಮಕೂರಿನವರಿಗೆ ಹೊಸದೇನಲ್ಲ. ಈ ಊರಿನಲ್ಲಿ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಇತ್ತು. ಆ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಕೀಲಿ ಕೊಡುವ ಗಡಿಯಾರ ನಿಂತರೆ ರಿಪೇರಿಯವರು ಹಲ್ಲುಚಕ್ರಗಳನ್ನು ಬಿಚ್ಚಿ ತೊಳೆಯುತ್ತಿದ್ದರು. ಕ್ವಾರ್ಟ್ಸ್ ಗಡಿಯಾರ ನಿಂತರೆ ಮೊದಲು ಬ್ಯಾಟರಿಯ ವೋಲ್ಟೇಜ್ ಅಳೆಯಬೇಕಾಯಿತು. ಯಂತ್ರ ಬದಲಾದಾಗ ಪರೀಕ್ಷೆಯ ವಿಧಾನವೂ ಬದಲಾಗಬೇಕು.

ಈಗ ನಿಮ್ಮ ಕಾರು. ಅಜ್ಜಿಯ ಸ್ಥಿತಿ ಬಿಗಡಾಯಿಸಿದ್ದರೆ ಕಾರಿನೊಡನೆ ಹೆಣಗಬೇಡಿ. ಮೊದಲು 108ಕ್ಕೆ ಫೋನ್ ಮಾಡಿ. ಸಮಯವಿದ್ದರೆ ಇತಿಹಾಸದ ಕ್ರಮದಲ್ಲಿ ನಡೆಯಿರಿ.

ಒಂದು, ಉಕ್ಕಿನ ಬೀಗ. ಕೀಲಿಕೈ ತಿರುಗುವುದೇ ಇಲ್ಲವೇ? ಸ್ಟೀರಿಂಗ್ ಚಕ್ರವನ್ನು ಎಡಬಲಕ್ಕೆ ಮೆಲ್ಲಗೆ ಅಲುಗಿಸುತ್ತಾ ತಿರುಗಿಸಿ. ಬಲ ಹಾಕಿದರೆ ಕೀಲಿಕೈ ಮುರಿದೀತು.

ಎರಡು, ಕೆಟರಿಂಗ್‌ನ ಸ್ಟಾರ್ಟರ್. 'ಟಿಕ್' ಎಂಬ ಸದ್ದು ಬಂದು ದೀಪಗಳು ಮಂಕಾದರೆ ದೋಷ ಬ್ಯಾಟರಿಯದು ಅಥವಾ ಅದರ ತುದಿಗಳದು. ಸುಸ್ಥಿತಿಯ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ವೋಲ್ಟೇಜ್ ತೀರಾ ಕುಸಿದರೆ ಚಿಪ್ ಓದುವ ಮಂಡಲವೂ ತಪ್ಪಬಹುದು. ಆದ್ದರಿಂದ ಚಿಪ್ ಮೇಲೆ ಸಂಶಯಪಡುವ ಮುನ್ನ ಇದನ್ನು ನೋಡಿ.

ಮೂರು, ಫಲಕದ ದೀಪ. ಅನೇಕ ಕಾರುಗಳಲ್ಲಿ ಇಗ್ನಿಷನ್ ಹಾಕಿದಾಗ ಕೀಲಿಕೈ ಚಿತ್ರದ ದೀಪ ತುಸು ಹೊತ್ತು ಬೆಳಗಿ ಆರಬೇಕು. ಆರದೆ ಮಿನುಗುತ್ತಿದ್ದರೆ ಗುರುತು ಸಿಕ್ಕಿಲ್ಲ ಎಂದು ಅರ್ಥ. ಪದೇ ಪದೇ ತಿರುಗಿಸಿ ಬ್ಯಾಟರಿ ಬರಿದು ಮಾಡಬೇಡಿ.

ನಾಲ್ಕು, ಸುರುಳಿಗಳ ಸಂಭಾಷಣೆ. ಕೀಲಿಕೈಯನ್ನು ಗೊಂಚಲಿನಿಂದ ಬಿಡಿಸಿ ಒಂಟಿಯಾಗಿ ಬಳಸಿ. ಹತ್ತಿರದಲ್ಲಿ ಇನ್ನೊಂದು ಕಾರಿನ ಕೀಲಿಕೈ ಇದ್ದರೆ ಎರಡು ಚಿಪ್‌ಗಳೂ ಒಟ್ಟಿಗೆ ಉತ್ತರಿಸಿ ಗೊಂದಲವಾಗುತ್ತದೆ. ಲೋಹದ ಉಂಗುರಗಳೂ ಕಾಂತಕ್ಷೇತ್ರವನ್ನು ಕೆಡಿಸಬಲ್ಲವು. ಬಾಗಿಲು ತೆರೆಯುವ ರಿಮೋಟ್‌ನ ಬ್ಯಾಟರಿ ಮುಗಿದಿದ್ದರೂ ಈ ಚಿಪ್‌ಗೆ ತೊಂದರೆಯಿಲ್ಲ; ಅದಕ್ಕೆ ಬ್ಯಾಟರಿಯೇ ಬೇಡವಲ್ಲ! ಗುಂಡಿ ಒತ್ತಿ ಚಾಲೂ ಮಾಡುವ ಕಾರಾದರೆ ಮಾತ್ರ ರಿಮೋಟ್‌ನ ಬ್ಯಾಟರಿ ಮುಖ್ಯ. ಅಂಥ ಹಲವು ಕಾರುಗಳಲ್ಲಿ ರಿಮೋಟನ್ನು ಗುಂಡಿಗೆ ತಾಗಿಸಿ ಹಿಡಿದರೆ ಕೆಲಸವಾಗುತ್ತದೆ.

ಐದು, ಎರಡನೆಯ ಕೀಲಿಕೈ. ವಿಜ್ಞಾನದಲ್ಲಿ ಇದನ್ನೇ ನಿಯಂತ್ರಿತ ಪ್ರಯೋಗ ಎನ್ನುತ್ತೇವೆ. ಉಳಿದುದೆಲ್ಲ ಹಾಗೇ ಇಟ್ಟು ಒಂದನ್ನೇ ಬದಲಿಸುವುದು. ಎರಡನೆಯದರಿಂದ ಕಾರು ಹೊರಟರೆ ದೋಷ ಮೊದಲ ಕೀಲಿಕೈಯಲ್ಲಿದೆ. ಎರಡರಿಂದಲೂ ಹೊರಡದಿದ್ದರೆ ರಂಧ್ರದ ಸುತ್ತಲಿನ ಸುರುಳಿ, ಅದರ ತಂತಿ ಅಥವಾ ನಿಯಂತ್ರಣ ಘಟಕ. ಅದು ರೋಗಪತ್ತೆ ಉಪಕರಣವಿರುವ ಮೆಕ್ಯಾನಿಕ್‌ನ ಕೆಲಸ. ಬೀದಿಯಲ್ಲಿ ಅಲಗನ್ನು ಮಾತ್ರ ಕತ್ತರಿಸಿಕೊಟ್ಟ ನಕಲು ಕೀಲಿಕೈ ಈ ಪರೀಕ್ಷೆಗೆ ಬಾರದು. ಅದು ಬಾಗಿಲು ತೆರೆಯುತ್ತದೆ, ಆದರೆ ಅದರಲ್ಲಿ ಚಿಪ್ ಇಲ್ಲ.

ಇನ್ನು ಆ ಎರಡು ಸಲಹೆಗಳು. ತಳ್ಳುವುದು ಸ್ಟಾರ್ಟರ್‌ನ ಕೆಲಸವನ್ನಷ್ಟೇ ಮಾಡುತ್ತದೆ. ತಡೆದಿರುವ ಇಂಧನವನ್ನು ಬಿಡಿಸುವುದಿಲ್ಲ. ಗುಟ್ಟಿನ ಸಂಖ್ಯೆ ವಿದ್ಯುತ್ ಹೋದರೂ ಅಳಿಯದ ಸ್ಮೃತಿಯಲ್ಲಿರುವುದರಿಂದ ಬ್ಯಾಟರಿ ಬಿಚ್ಚಿದರೂ ಕಾರು ಅದನ್ನು ಮರೆಯುವುದಿಲ್ಲ. ಹಾಗೆ ಮರೆಯುವಂತಿದ್ದರೆ ಕಳ್ಳನಿಗೆ ಒಂದು ಸ್ಪ್ಯಾನರ್ ಸಾಕಾಗುತ್ತಿತ್ತು!

ಬೀಗ ಜಾಣವಾದಷ್ಟೂ ರಸ್ತೆ ಬದಿಯಲ್ಲಿ ನಮ್ಮ ಕೈಗೆ ಉಳಿಯುವ ಉಪಾಯಗಳು ಕಡಿಮೆ. ಸಿದ್ಧತೆ ಮನೆಯಲ್ಲೇ ಆಗಬೇಕು. ಕಾರು ಕೊಂಡಾಗ ಬಂದ ಎರಡನೆಯ ಕೀಲಿಕೈ ನಿಮ್ಮ ಮನೆಯಲ್ಲಿ ಎಲ್ಲಿದೆ? ಇಂದೇ ಹುಡುಕಿ, ಅದರಿಂದ ಒಮ್ಮೆ ಕಾರನ್ನು ಚಾಲೂ ಮಾಡಿ ನೋಡಿ. ಹಳೆಯ ಕಾರು ಕೊಳ್ಳುವವರಾದರೆ ಎರಡೂ ಕೀಲಿಕೈಗಳನ್ನು ಕೇಳಿ ಪಡೆಯಿರಿ. ದೂರ ಹೊರಟಾಗ ಎರಡನೆಯದು ಕಾರಿನೊಳಗೆ ಬೇಡ, ಜತೆಯವರ ಜೇಬಿನಲ್ಲಿರಲಿ.