ಕಮಟು ಎಣ್ಣೆಯಿಂದ ಯಕೃತ್ತಿನ ಕಸಿಯವರೆಗೆ

ಕಲಬುರಗಿಯ ನೆಹರು ಗಂಜ್ ಎಂದೊಡನೆ ನೆನಪಾಗುವುದು ತೊಗರಿ. ಆದರೆ ಈ ಭಾಗದ ಎರೆ ನೆಲದಲ್ಲಿ ಹಿಂಗಾರಿಗೆ ಕುಸುಬೆ, ಅಗಸೆಗಳೂ ಬೆಳೆಯುತ್ತವೆ. ಕುಸುಬೆ ಕಾಳು ಚೀಲದಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಅದರಿಂದ ತೆಗೆದ ಎಣ್ಣೆಯನ್ನು ಗಾಳಿ, ಬೆಳಕಿಗೆ ತೆರೆದಿಟ್ಟರೆ ಬೇಗನೆ ಕಮಟು ಹಿಡಿಯುತ್ತದೆ. ಹೀಗೇಕೆ ಎಂಬ ಪ್ರಶ್ನೆ ಅಡುಗೆಮನೆಯದು. ಅದರ ಉತ್ತರ ಹುಡುಕುತ್ತ ಹೋದ ವಿಜ್ಞಾನ ಕೊನೆಗೆ ತಲುಪಿದ್ದು ಯಕೃತ್ತಿನ ಕಸಿ ನಡೆಯುವ ಶಸ್ತ್ರಚಿಕಿತ್ಸಾ ಕೊಠಡಿಯನ್ನು. ಈ ಎರಡು ನೂರು ವರ್ಷಗಳ ಕಥೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ನೋಡೋಣ.

ಎಣ್ಣೆ ಉಸಿರಾಡಿತು

1820ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ವಿಜ್ಞಾನಿ ನಿಕೋಲಾಸ್ ಥಿಯೊಡೋರ್ ದ ಸೋಸ್ಯೂರ್ ಅಕ್ರೋಟು ಎಣ್ಣೆಯ ತೆಳು ಪದರವನ್ನು ಮುಚ್ಚಿದ ಪಾತ್ರೆಯಲ್ಲಿ ಆಕ್ಸಿಜನ್ ಜೊತೆ ಇಟ್ಟ. ಸುಮಾರು ಎಂಟು ತಿಂಗಳು ಎಣ್ಣೆ ಹೀರಿಕೊಂಡ ಅನಿಲ ತನ್ನ ಗಾತ್ರದ ಮೂರು ಪಟ್ಟು ಮಾತ್ರ. ಮುಂದಿನ ಹತ್ತೇ ದಿನಗಳಲ್ಲಿ ಅದು ಸುಮಾರು ಅರವತ್ತು ಪಟ್ಟು ಹೀರಿತು! ಮೊದಲು ನಿಧಾನ, ಆಮೇಲೆ ಒಮ್ಮೆಲೇ ವೇಗ. ಈ ಕ್ರಿಯೆ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ ಎಂಬುದರ ಮೊದಲ ಸುಳಿವು ಇದು.

1823ರಲ್ಲಿ ಫ್ರಾನ್ಸಿನ ಶೆವ್ರಲ್, ಕೊಬ್ಬು ಎಂದರೆ ಗ್ಲಿಸರಾಲ್ ಮತ್ತು ಕೊಬ್ಬಿನಾಮ್ಲಗಳು ಸೇರಿ ಆದ ವಸ್ತು ಎಂದು ತೋರಿಸಿದ. ಎಣ್ಣೆಗಳ ನಡುವಿನ ವ್ಯತ್ಯಾಸ ಈ ಆಮ್ಲಗಳಲ್ಲಿದೆ. ಶೇಂಗಾ ಎಣ್ಣೆಯಲ್ಲಿ ಒಂದೇ ದ್ವಿಬಂಧವಿರುವ ಓಲಿಯಿಕ್ ಆಮ್ಲ ಹೆಚ್ಚು. ಸಾಂಪ್ರದಾಯಿಕ ಕುಸುಬೆ ತಳಿಗಳ ಎಣ್ಣೆಯಲ್ಲಿ ಎರಡು ದ್ವಿಬಂಧಗಳ ಲಿನೊಲಿಯಿಕ್ ಆಮ್ಲ ಶೇ. 70ಕ್ಕೂ ಮಿಕ್ಕಿದೆ. ಅಗಸೆ ಎಣ್ಣೆಯ ಅರ್ಧದಷ್ಟು ಭಾಗ ಮೂರು ದ್ವಿಬಂಧಗಳ ಲಿನೊಲೆನಿಕ್ ಆಮ್ಲ. ದ್ವಿಬಂಧ ಹೆಚ್ಚಿದಷ್ಟೂ ಉತ್ಕರ್ಷಣ ಸುಲಭ.

ಇದನ್ನು ಶಾಲೆಯಲ್ಲೇ ಮಾಡಿ ನೋಡಬಹುದು. ಎರಡು ಗಾಜಿನ ತಟ್ಟೆಗಳ ಮೇಲೆ ಅಗಸೆ ಎಣ್ಣೆ ಮತ್ತು ಶೇಂಗಾ ಎಣ್ಣೆಯನ್ನು ತೆಳ್ಳಗೆ ಸವರಿ, ಗಾಳಿ ಆಡುವ ಕಡೆ ಇಡಿ. ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಅಗಸೆ ಎಣ್ಣೆ ಪೊರೆಯಂತೆ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆ ಜಿಡ್ಡಾಗಿಯೇ ಉಳಿಯುತ್ತದೆ.

ಒಂಟಿ ಎಲೆಕ್ಟ್ರಾನಿನ ಆಟ

ಇಲ್ಲಿ ಭೌತವಿಜ್ಞಾನ ಪ್ರವೇಶಿಸುತ್ತದೆ. ಆಕ್ಸಿಜನ್ ಅಣುವಿನಲ್ಲಿ ಜೋಡಿಯಿಲ್ಲದ ಎರಡು ಎಲೆಕ್ಟ್ರಾನುಗಳಿವೆ. ಆದ್ದರಿಂದಲೇ ಅದು ಕಾಂತಕ್ಕೆ ಸೆಳೆಯಲ್ಪಡುತ್ತದೆ. ಎಲೆಕ್ಟ್ರಾನುಗಳೆಲ್ಲ ಜೋಡಿಯಾಗಿರುವ ಸಾಮಾನ್ಯ ಅಣುಗಳೊಂದಿಗೆ ಅದು ನೇರವಾಗಿ ವರ್ತಿಸಲು ಸ್ಪಿನ್ ನಿಯಮ ಅಡ್ಡಿಯಾಗುತ್ತದೆ. ನಾವು ಗಾಳಿಯಲ್ಲಿ ಉರಿದುಹೋಗದೆ ಬದುಕಿರುವುದಕ್ಕೆ ಈ ಅಡ್ಡಿಯೂ ಒಂದು ಕಾರಣ. ಆದರೆ ಒಂಟಿ ಎಲೆಕ್ಟ್ರಾನ್ ಇರುವ ಅಣುವಿನ ತುಣುಕು, ಅಂದರೆ ಮುಕ್ತ ರಾಡಿಕಲ್, ಸಿಕ್ಕರೆ ಆಕ್ಸಿಜನ್ ತಕ್ಷಣ ಅಂಟಿಕೊಳ್ಳುತ್ತದೆ.

ಇಂಥ ರಾಡಿಕಲ್ ಇರಬಲ್ಲದೆಂದು ಅಮೆರಿಕದ ಮೋಸೆಸ್ ಗೋಂಬರ್ಗ್ 1900ರಲ್ಲಿ ತೋರಿಸಿದಾಗ ಹಲವರು ನಂಬಲಿಲ್ಲ. 1940ರ ದಶಕದಲ್ಲಿ ಬ್ರಿಟನ್ನಿನ ಫಾರ್ಮರ್ ಮತ್ತು ಸಂಗಡಿಗರು ಎಣ್ಣೆಯ ಉತ್ಕರ್ಷಣವನ್ನು ಸರಪಳಿ ಕ್ರಿಯೆಯಾಗಿ ವಿವರಿಸಿದರು. ಎರಡು ದ್ವಿಬಂಧಗಳ ನಡುವಿನ ಕಾರ್ಬನ್ನಿನಿಂದ ಹೈಡ್ರೊಜನ್ ಕೀಳುವುದು ಸುಲಭ. ಅದು ಹೋದ ಜಾಗಕ್ಕೆ ಆಕ್ಸಿಜನ್ ಬಂದು ಪೆರಾಕ್ಸಿ ರಾಡಿಕಲ್ ಆಗುತ್ತದೆ. ಅದು ಪಕ್ಕದ ಅಣುವಿನಿಂದ ಹೈಡ್ರೊಜನ್ ಕಿತ್ತುಕೊಳ್ಳುತ್ತದೆ. ಹೀಗೆ ಒಂದು ಕಿಡಿ ಸಾಲು ಮನೆಗಳಿಗೆ ಹಬ್ಬಿದಂತೆ ಕ್ರಿಯೆ ಮುಂದುವರಿಯುತ್ತದೆ.

ಎಣ್ಣೆಯಿಂದ ಜೀವಕೋಶಕ್ಕೆ

ನಮ್ಮ ಜೀವಕೋಶಗಳ ಪೊರೆಯಲ್ಲೂ ಇವೇ ಬಹು ದ್ವಿಬಂಧದ ಕೊಬ್ಬಿನಾಮ್ಲಗಳಿವೆ. ಅವು ನಮಗೆ ಬೇಕೇ ಬೇಕು ಎಂಬುದನ್ನು 1929ರಲ್ಲಿ ಬರ್ ದಂಪತಿಗಳು ಇಲಿಗಳ ಮೇಲಿನ ಪ್ರಯೋಗದಿಂದ ಕಂಡುಕೊಂಡರು. ಹಾಗಾದರೆ ನಮ್ಮೊಳಗಿನ ಎಣ್ಣೆ ಏಕೆ ಕಮಟು ಹಿಡಿಯುವುದಿಲ್ಲ?

1954ರಲ್ಲಿ ರೆಬೆಕಾ ಗೆರ್ಷ್‌ಮನ್ ಮತ್ತು ಸಂಗಡಿಗರು, ಕ್ಷಕಿರಣದಿಂದ ಆಗುವ ಹಾನಿ ಮತ್ತು ಅತಿ ಆಕ್ಸಿಜನ್ನಿನಿಂದ ಆಗುವ ಹಾನಿ ಎರಡಕ್ಕೂ ಮುಕ್ತ ರಾಡಿಕಲ್‌ಗಳೇ ಕಾರಣ ಎಂದು ಸೂಚಿಸಿದರು. 1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೋವಿಚ್, ಸೂಪರಾಕ್ಸೈಡ್ ರಾಡಿಕಲನ್ನು ತೊಡೆದುಹಾಕುವ ಕಿಣ್ವವೊಂದು ನಮ್ಮ ದೇಹದಲ್ಲೇ ಇದೆ ಎಂದು ಕಂಡುಹಿಡಿದರು. ಅಂದರೆ ಕಿಡಿ ದಿನವೂ ಬೀಳುತ್ತದೆ. ಅದನ್ನು ಆರಿಸುವ ಕಾವಲುಗಾರರೂ ಒಳಗೇ ಇದ್ದಾರೆ. ವಿಟಮಿನ್ ಇ, ಗ್ಲುಟಥಯೋನ್ ಅಂಥವೇ. ಕಾವಲಿಗಿಂತ ಕಿಡಿ ಹೆಚ್ಚಾದ ಸ್ಥಿತಿಯನ್ನು ಉತ್ಕರ್ಷಣ ಒತ್ತಡ ಎನ್ನುತ್ತಾರೆ.

ರಕ್ತ ಮರಳಿದಾಗ

ಥಾಮಸ್ ಸ್ಟಾರ್ಜಲ್ 1963ರಲ್ಲಿ ಡೆನ್ವರ್‌ನಲ್ಲಿ ಮನುಷ್ಯನ ಯಕೃತ್ತಿನ ಮೊದಲ ಕಸಿ ಮಾಡಿದರು, ರೋಗಿ ಉಳಿಯಲಿಲ್ಲ. ದೀರ್ಘಕಾಲ ಬದುಕಿದ ರೋಗಿಗಳನ್ನು ಕಾಣಲು 1967 ಆಗಬೇಕಾಯಿತು. ರಕ್ತಸ್ರಾವ, ದೇಹದ ತಿರಸ್ಕಾರಗಳ ಜೊತೆ ಮತ್ತೊಂದು ತೊಡಕೂ ಇತ್ತು. ದೇಹದಿಂದ ತೆಗೆದ ಯಕೃತ್ತಿಗೆ ರಕ್ತ ನಿಂತಾಗ ಹಾನಿಯಾಗುವುದು ಸಹಜ. ವಿಚಿತ್ರವೆಂದರೆ, ಹೊಸ ದೇಹದಲ್ಲಿ ರಕ್ತ ಮರಳಿ ಹರಿದಾಗ ಹಾನಿ ಇನ್ನಷ್ಟು ಹೆಚ್ಚುತ್ತಿತ್ತು.

1981ರಲ್ಲಿ ಗ್ರೇಂಜರ್ ಮತ್ತು ಸಂಗಡಿಗರು ಬೆಕ್ಕಿನ ಕರುಳಿನ ಮೇಲೆ ಪ್ರಯೋಗ ಮಾಡಿ, ಮರಳಿ ಬಂದ ಆಕ್ಸಿಜನ್ನಿನಿಂದಲೇ ಸೂಪರಾಕ್ಸೈಡ್ ಹುಟ್ಟುತ್ತದೆ ಎಂದು ತೋರಿಸಿದರು. ಅವರು ಬೊಟ್ಟು ಮಾಡಿದ್ದು ಜ್ಯಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವವನ್ನು. ಉಸಿರು ಕಟ್ಟಿದ ಮೈಟೊಕಾಂಡ್ರಿಯಗಳಲ್ಲಿ ಕೂಡಿಬಿದ್ದ ಸಕ್ಸಿನೇಟ್ ಕೂಡ ದೊಡ್ಡ ಕಾರಣ ಎಂದು 2014ರ ಸಂಶೋಧನೆ ತಿಳಿಸಿತು. ಹೇಗೆ ಹುಟ್ಟಿದರೂ ಈ ಕಿಡಿ ಹಬ್ಬುವ ದಾರಿಗಳಲ್ಲಿ ಪೊರೆಯ ಕೊಬ್ಬಿನಾಮ್ಲಗಳು ಮುಖ್ಯವಾದವು. ಕೊಬ್ಬು ತುಂಬಿದ ದಾನಿ ಯಕೃತ್ತು ಈ ಪೆಟ್ಟನ್ನು ತಾಳುವುದು ಕಷ್ಟ. ವೈದ್ಯರು ಅದನ್ನು ಹಿಂದುಮುಂದು ನೋಡಿಯೇ ಸ್ವೀಕರಿಸುತ್ತಾರೆ.

ಈ ತಿಳಿವಳಿಕೆ ವ್ಯರ್ಥವಾಗಲಿಲ್ಲ. 1980ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಬೆಲ್ಜರ್ ಮತ್ತು ಸೌದರ್ಡ್ ಯಕೃತ್ತನ್ನು ತಣ್ಣಗೆ ಕಾಪಿಡುವ ದ್ರಾವಣ ತಯಾರಿಸಿದರು. ಅದರಲ್ಲಿ ಗ್ಲುಟಥಯೋನ್ ಇದೆ. ಜ್ಯಾಂಥೀನ್ ಆಕ್ಸಿಡೇಸನ್ನು ತಡೆಯುವ ಅಲೊಪ್ಯೂರಿನಾಲ್ ಕೂಡ ಇದೆ. ಅದಕ್ಕೆ ಮೊದಲು ಆರರಿಂದ ಎಂಟು ಗಂಟೆಯೊಳಗೆ ಕಸಿ ಮುಗಿಸಬೇಕಿತ್ತು. ಆಮೇಲೆ ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲಾವಕಾಶ ಸಿಕ್ಕಿತು. ತಣ್ಣಗಿಡುವ ಬದಲು ದೇಹದ ಉಷ್ಣತೆಯಲ್ಲೇ ಯಂತ್ರದಿಂದ ರಕ್ತ ಹರಿಸಿ ಕಾಪಿಡುವ ವಿಧಾನದಿಂದ ಹಾನಿ ಕಡಿಮೆಯಾಗುತ್ತದೆ ಎಂದು 2018ರಲ್ಲಿ ಯುರೋಪಿನ ಪರೀಕ್ಷೆಯೊಂದು ವರದಿ ಮಾಡಿತು.

ಗಂಟೆಗಳ ಬೆಲೆ

ನಮ್ಮ ದೇಶದಲ್ಲಿ ಅಂಗ ಕಸಿ ಕಾಯಿದೆ ಬಂದದ್ದು 1994ರಲ್ಲಿ. ಯಕೃತ್ತಿನ ಯಶಸ್ವಿ ಕಸಿ 1998ರಲ್ಲಿ ದೆಹಲಿಯಲ್ಲಿ ನಡೆಯಿತು. ಕರ್ನಾಟಕದಲ್ಲಿ ಮೃತರ ಅಂಗದಾನವನ್ನು ಹೊಂದಿಸುವ ಸಂಸ್ಥೆ ‘ಜೀವಸಾರ್ಥಕತೆ’. ಕಲಬುರಗಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 600 ಕಿಲೋಮೀಟರ್. ಹತ್ತು ಗಂಟೆಯ ಈ ಪ್ರಯಾಣವನ್ನು ಹನ್ನೆರಡು ಗಂಟೆಯ ಮಿತಿಯ ಪಕ್ಕದಲ್ಲಿಟ್ಟು ನೋಡಿದರೆ, ದೊಡ್ಡ ಊರುಗಳಿಂದ ದೂರವಿರುವ ನಮ್ಮಂಥವರಿಗೆ ಈ ರಸಾಯನಶಾಸ್ತ್ರ ಎಷ್ಟು ಹತ್ತಿರದ್ದು ಎಂಬುದು ತಿಳಿಯುತ್ತದೆ.

ಒಂದು ಎಚ್ಚರಿಕೆ ಮಾತು. ಉತ್ಕರ್ಷಣ ನಿರೋಧಕ ಎಂಬ ಹೆಸರಿನ ಮಾತ್ರೆ ನುಂಗಿದರೆ ಯಕೃತ್ತು ಉಳಿಯುತ್ತದೆ ಎಂದು ಇದರ ಅರ್ಥವಲ್ಲ. ಕಸಿ ಆದವರು ವೈದ್ಯರನ್ನು ಕೇಳದೆ ಅಂಥ ಯಾವುದನ್ನೂ ತೆಗೆದುಕೊಳ್ಳಬಾರದು. ಎಲ್ಲಿ, ಯಾವಾಗ, ಎಷ್ಟು ಎಂಬುದು ಇಲ್ಲಿ ಮುಖ್ಯ. ಎಣ್ಣೆ ಡಬ್ಬಿಯ ಮುಚ್ಚಳವನ್ನು ಭದ್ರವಾಗಿ ಹಾಕಿ ನೆರಳಿನಲ್ಲಿಡುವ ಮನೆಯವರಿಗೆ ಈ ಪಾಠದ ಮೊದಲ ಸಾಲು ಗೊತ್ತೇ ಇದೆ. ಉಳಿದ ಸಾಲುಗಳನ್ನು ವಿದ್ಯಾರ್ಥಿಗಳಿಗೆ ಓದಿಸುವುದು ನಮ್ಮ ಕೆಲಸ.